ಮಗ್ಗದ ಮನೆಯಿಂದ ಮೋಟಾರು ಕಾರ್ಖಾನೆಗೆ: ಟೊಯೊಡಾ ಕುಟುಂಬದ ನೂಲು ಮತ್ತು ಕಬ್ಬಿಣ

ದೊಡ್ಡಬಳ್ಳಾಪುರದ ನೇಕಾರ:

ನಮ್ಮದು ಮೂರು ತಲೆಮಾರುಗಳಿಂದ ಮಗ್ಗವನ್ನೇ ನಂಬಿಕೊಂಡು ಬಂದ ಮನೆ. ಅಜ್ಜ ಕುಣಿಮಗ್ಗದಲ್ಲಿ ಕೂತು ನೇಯ್ದರು, ಅಪ್ಪ ವಿದ್ಯುತ್ ಮಗ್ಗಕ್ಕೆ ಬಂದರು, ಈಗ ಮನೆಯ ಕೆಳಗಿನ ಅಂಕಣದಲ್ಲಿರುವ ನಾಲ್ಕು ಮಗ್ಗಗಳನ್ನು ನಾನೂ ನನ್ನ ತಮ್ಮನೂ ನೋಡಿಕೊಳ್ಳುತ್ತಿದ್ದೇವೆ. ಈಚೆಗೆ ನೇಕಾರರಿಗಾಗಿ ನಡೆದ ಒಂದು ತರಬೇತಿಯಲ್ಲಿ ಮಾತನಾಡಿದವರು, ಟೊಯೊಟಾ ಕಾರಿನ ಕಂಪನಿ ಮೊದಲು ಮಗ್ಗದ ಕಂಪನಿಯಾಗಿತ್ತೆಂದೂ, ಅದರ ಹಿರಿಯರು ತಮ್ಮ ಮಗ್ಗದ ಹಕ್ಕನ್ನು ಇಂಗ್ಲೆಂಡಿನವರಿಗೆ ಮಾರಿ ಬಂದ ಹಣದಲ್ಲಿ ಕಾರು ಮಾಡಲು ಹೊರಟರೆಂದೂ ಹೇಳಿದರು. ಇದು ಎಷ್ಟರ ಮಟ್ಟಿಗೆ ನಿಜ?

ನನಗೆ ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚಾಗಿ ಕಾಡುತ್ತಿದೆ. ನಮ್ಮೂರಿನಲ್ಲಿ ಬಟ್ಟೆ ನೇಯುವವರು ಬೇರೆ, ಮಗ್ಗ ಮಾಡುವವರು ಬೇರೆ. ನಮ್ಮ ಮಗ್ಗಗಳು ಸೂರತ್ತಿನಿಂದ ಲಾರಿಯಲ್ಲಿ ಬಂದವು. ಒಂದು ಗಿಯರು ಹಲ್ಲು ಮುರಿದುಕೊಂಡರೆ ಬಿಡಿಭಾಗಕ್ಕಾಗಿ ಕಾಯಬೇಕು. ಒಂದೇ ಮನೆತನ ಬಟ್ಟೆಯನ್ನೂ ಕಬ್ಬಿಣವನ್ನೂ ಒಟ್ಟಿಗೆ ಹಿಡಿದದ್ದು ಹೇಗೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ನಿವೃತ್ತ ಉಪನ್ಯಾಸಕಿ:

ನೇಕಾರರೇ, ನೀವು ಎರಡನೆಯದಾಗಿ ಕೇಳಿದ ಪ್ರಶ್ನೆಯೇ ದೊಡ್ಡದು. ಅದಕ್ಕೆ ಉತ್ತರ ಸಿಕ್ಕರೆ ಪೇಟೆಂಟ್ ಮಾರಾಟದ ಕಥೆಯ ನಿಜವೂ ತಾನಾಗಿ ತಿಳಿಯುತ್ತದೆ. ಹಲವು ವರ್ಷ ಆರ್ಥಿಕ ಇತಿಹಾಸ ಪಾಠ ಮಾಡಿದವಳಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಮಗ್ಗದ ಮನೆತನದ ಮೂಲಪುರುಷ ಸಾಕಿಚಿ ಟೊಯೊಡಾ (ಮನೆತನದ ಹೆಸರು ಟೊಯೊಡಾ, ಕಾರಿನ ಹೆಸರು ಟೊಯೊಟಾ) ಹುಟ್ಟಿದ್ದು 1867ರಲ್ಲಿ, ಇಂದಿನ ಶಿಜುಒಕಾ ಪ್ರಾಂತ್ಯದ ಕೊಸಾಯ್ ಊರಿಗೆ ಸೇರಿದ ಒಂದು ಹಳ್ಳಿಯಲ್ಲಿ. ತಂದೆಯದು ಬಡಗಿ ಕೆಲಸ, ಜೊತೆಗೆ ಒಂದಿಷ್ಟು ಬೇಸಾಯ. ಸುತ್ತಲಿನ ಮನೆಗಳಲ್ಲಿ ಹೆಂಗಸರು ಹತ್ತಿ ಬಟ್ಟೆ ನೇಯುತ್ತಿದ್ದರು. ಸಾಕಿಚಿಯ ತಾಯಿಯೂ ಅವರಲ್ಲಿ ಒಬ್ಬರು. ಅಂದರೆ ಉಳಿ ಹಿಡಿಯುವ ಕೈಯೂ ಲಾಳಿ ಹಿಡಿಯುವ ಕೈಯೂ ಮೊದಲಿನಿಂದಲೇ ಒಂದು ಸೂರಿನ ಕೆಳಗಿದ್ದವು. 1885ರಲ್ಲಿ ಜಪಾನ್ ಪೇಟೆಂಟ್ ಕಾನೂನು ತಂದಿತು. ಶಾಲೆಯ ಓದು ಹೆಚ್ಚಿಲ್ಲದ ಈ ಯುವಕ, ಹೊಸದನ್ನು ಕಂಡುಹಿಡಿದವನಿಗೆ ಅದರ ಹಕ್ಕೂ ಸಿಗುತ್ತದೆ ಎಂಬುದನ್ನು ತಿಳಿದು ಮಗ್ಗದ ಬೆನ್ನು ಹತ್ತಿದ. 1890ರಲ್ಲಿ ಟೋಕಿಯೋದ ಉಯೆನೊದಲ್ಲಿ ನಡೆದ ಕೈಗಾರಿಕಾ ವಸ್ತುಪ್ರದರ್ಶನಕ್ಕೆ ಹೋಗಿ ಯಂತ್ರಗಳನ್ನು ಕಣ್ಣಾರೆ ನೋಡಿ ಬಂದ. ಅದೇ ವರ್ಷ ಮರದ ಕೈಮಗ್ಗವೊಂದನ್ನು ರೂಪಿಸಿ, 1891ರಲ್ಲಿ ತನ್ನ ಮೊದಲ ಪೇಟೆಂಟ್ ಪಡೆದ. ಅಲ್ಲಿಯ ತನಕ ಅಡ್ಡ ನೂಲನ್ನು ದಾಟಿಸುವ ಲಾಳಿ ಎಸೆಯಲು ಒಂದು ಕೈ, ಆ ನೂಲನ್ನು ಒತ್ತಿ ಕೂರಿಸುವ ಹಣಿಗೆ ಬಡಿಯಲು ಇನ್ನೊಂದು ಕೈ ಬೇಕಾಗಿತ್ತು. ಇವನ ಮಗ್ಗದಲ್ಲಿ ಹಣಿಗೆಯನ್ನು ಒಂದು ಕೈಯಲ್ಲಿ ಹಿಂದೆ ಮುಂದೆ ಆಡಿಸಿದರೆ ಲಾಳಿಯೂ ತಾನಾಗಿ ಓಡುತ್ತಿತ್ತು.

1896ರಲ್ಲಿ ಹಬೆಯಿಂದ ನಡೆಯುವ ಕಿರಿದಾದ ಮಗ್ಗ ಸಿದ್ಧವಾಯಿತು. ಅದರ ಚೌಕಟ್ಟು ಮರದ್ದು, ಸವೆಯುವ ಭಾಗಗಳು ಮಾತ್ರ ಕಬ್ಬಿಣದವು. ಹೊರದೇಶದಿಂದ ಬರುತ್ತಿದ್ದ ಪೂರ್ತಿ ಕಬ್ಬಿಣದ ಮಗ್ಗಗಳನ್ನು ಕೊಳ್ಳಲಾರದ ಸಣ್ಣ ಉದ್ಯಮಿಗಳ ಕೈಗೆ ಎಟುಕುವ ಬೆಲೆಗೆ ಅದನ್ನು ಮಾಡಲು ಸಾಧ್ಯವಾದದ್ದು ಈ ಬೆರಕೆಯಿಂದಲೇ. ಆದರೆ ಸಾಕಿಚಿ ಮಗ್ಗ ಮಾರಿ ಸುಮ್ಮನಾಗಲಿಲ್ಲ. ಇನ್ನೊಬ್ಬರ ಜೊತೆ ಪಾಲುದಾರನಾಗಿ ತನ್ನ ಮಗ್ಗಗಳಲ್ಲೇ ಬಟ್ಟೆ ನೇಯಿಸಿ ಮಾರಿದ. ಆ ಬಟ್ಟೆಯ ಏಕರೂಪದ ಗುಣಮಟ್ಟವೇ ಮಿತ್ಸುಯಿಯಂತಹ ದೊಡ್ಡ ವ್ಯಾಪಾರಿ ಸಂಸ್ಥೆಯ ಕಣ್ಣಿಗೆ ಬಿದ್ದದ್ದು.

ಇಲ್ಲಿಂದ ಮುಂದಿನ ಭಾಗ ಕಷ್ಟದ್ದು. 1907ರಲ್ಲಿ ಹೊರಗಿನವರ ಬಂಡವಾಳದಿಂದ ಅವನ ಹೆಸರಿನಲ್ಲೇ ಮಗ್ಗದ ಕಂಪನಿಯೊಂದು ಹುಟ್ಟಿತು. ವ್ಯಾಪಾರ ಕುಸಿದಾಗ, ಪ್ರಯೋಗಗಳಿಗೆ ಹಣ ಸುರಿಯುತ್ತಾನೆಂಬ ಅಸಮಾಧಾನವೂ ಸೇರಿ, 1910ರಲ್ಲಿ ಅವನು ತನ್ನದೇ ಹೆಸರಿನ ಕಂಪನಿಯಿಂದ ಹೊರಬರಬೇಕಾಯಿತು. ಬೇಸರದಿಂದ ಅಮೆರಿಕಕ್ಕೂ ಯುರೋಪಿಗೂ ಹೋದ ಅವನಿಗೆ ನ್ಯೂಯಾರ್ಕಿನಲ್ಲಿ ಧೈರ್ಯ ತುಂಬಿದವರು ರಸಾಯನ ವಿಜ್ಞಾನಿ ಜೊಕಿಚಿ ತಕಮಿನೆ. ಮರಳಿ ಬಂದವನು 1911ರಲ್ಲಿ ನಗೋಯಾದಲ್ಲಿ ಸ್ವಂತ ನೇಯ್ಗೆಯ ಕಾರ್ಖಾನೆ ಹಾಕಿದ. ನೇಯ್ದು ಬಂದ ಲಾಭದಲ್ಲಿ ಮಗ್ಗ ಸುಧಾರಿಸುವುದು, ಸುಧಾರಿಸಿದ ಮಗ್ಗವನ್ನು ಅಲ್ಲೇ ಓಡಿಸಿ ಪರೀಕ್ಷಿಸುವುದು, ಹೀಗೆ ಎರಡನ್ನೂ ಒಂದೇ ಆವರಣದಲ್ಲಿ ಇಟ್ಟುಕೊಂಡ. ಸಿಗುತ್ತಿದ್ದ ನೂಲು ಸರಿಯಿಲ್ಲದಿದ್ದರೆ ಮಗ್ಗದ ದೋಷ ಯಾವುದು, ನೂಲಿನ ದೋಷ ಯಾವುದು ಎಂದು ತಿಳಿಯುವುದಿಲ್ಲ ಎಂಬ ಕಾರಣಕ್ಕೆ ನೂಲುವ ಗಿರಣಿಯನ್ನೂ ತಾನೇ ಆರಂಭಿಸಿದ. 1918ರಲ್ಲಿ ಇವೆಲ್ಲ ಸೇರಿ ಟೊಯೊಡಾ ಬೊಶೊಕು ಎಂಬ ಕಂಪನಿಯಾಯಿತು. ಜಪಾನಿ ಭಾಷೆಯಲ್ಲಿ ಬೊಶೊಕು ಎಂದರೆ ನೂಲುವುದು ಮತ್ತು ನೇಯುವುದು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲಿಯೇ ಇದೆ. ಬೇರೆಯವರ ಹಣದಲ್ಲಿ ಯಂತ್ರ ಮಾಡಲು ಹೋಗಿ ಒಮ್ಮೆ ಹೊರಬಿದ್ದ ಮನುಷ್ಯ, ಆಮೇಲೆ ಬಟ್ಟೆಯನ್ನೇ ತನ್ನ ಯಂತ್ರದ ಬಂಡವಾಳವಾಗಿ ಮಾಡಿಕೊಂಡ.

ನಗೋಯಾ ವಾಸಿ:

ಮೇಡಂ ಹೇಳಿದ ಆ ಹಳೆಯ ಗಿರಣಿಯ ಕೆಂಪು ಇಟ್ಟಿಗೆಯ ಕಟ್ಟಡ ಇಂದಿಗೂ ಇದೆ. ಅದೇ ಜಾಗದಲ್ಲಿ 1994ರಲ್ಲಿ ಟೊಯೊಟಾ ಸಮೂಹದ ಕಂಪನಿಗಳು ವಸ್ತುಸಂಗ್ರಹಾಲಯವನ್ನು ತೆರೆದವು. ನಾನು ಉದ್ಯೋಗದ ನಿಮಿತ್ತ ಈ ಊರಿನಲ್ಲಿದ್ದು, ಭಾರತದಿಂದ ಬಂದ ನೆಂಟರನ್ನು ಪ್ರತಿ ಸಲವೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಒಳಗೆ ಹೋದ ಕೂಡಲೇ ಎದುರಾಗುವುದು ಕಾರಲ್ಲ, 1906ರಲ್ಲಿ ಸಾಕಿಚಿ ಕಂಡುಹಿಡಿದ ವೃತ್ತಾಕಾರದ ಮಗ್ಗ. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು 1924ರ ಜಿ ಮಾದರಿಯ ಸ್ವಯಂಚಾಲಿತ ಮಗ್ಗ. ಅಲ್ಲಿನ ಸಿಬ್ಬಂದಿ ಅದನ್ನು ನಿಜವಾಗಿ ಓಡಿಸಿ ತೋರಿಸುತ್ತಾರೆ. ಕಳೆದ ಸಲ ತೋರಿಸಿದ ಮಹಿಳೆ ಓಡುತ್ತಿದ್ದ ಮಗ್ಗದ ಹಾಸಿನಿಂದ, ಅಂದರೆ ಉದ್ದಕ್ಕೆ ಹೂಡಿದ ನೂಲಿನಿಂದ, ಒಂದೇ ಒಂದು ಎಳೆಯನ್ನು ಕತ್ತರಿಯಿಂದ ಕತ್ತರಿಸಿದರು. ಆ ಎಳೆಯ ಮೇಲೆ ಸವಾರಿ ಮಾಡಿದಂತೆ ಕೂತಿದ್ದ, ಬೆರಳಗಲದ ತೆಳುವಾದ ಉಕ್ಕಿನ ಪಟ್ಟಿ ಆಧಾರ ತಪ್ಪಿ ಕೆಳಕ್ಕೆ ಜಾರಿತು, ಅದರ ತುದಿ ಕೆಳಗೆ ಆಡುತ್ತಿದ್ದ ಸರಳಿಗೆ ಸಿಕ್ಕಿಕೊಂಡಿತು, ಮಗ್ಗ ಥಟ್ಟನೆ ನಿಂತಿತು. ಅಷ್ಟು ಹೊತ್ತು ಕಿವಿ ತುಂಬಿದ್ದ ಸದ್ದು ನಿಂತಾಗ ಆ ಪಟ್ಟಿ ಇನ್ನೂ ಸಣ್ಣಗೆ ಅಲುಗಾಡುತ್ತಿತ್ತು. ನನ್ನ ಜೊತೆಗಿದ್ದ ಚಿಕ್ಕಪ್ಪ ಇಳಕಲ್ಲಿನ ಕಡೆಯವರು. ಅವರು ಬಹಳ ಹೊತ್ತು ಆ ಪಟ್ಟಿಯನ್ನೇ ನೋಡುತ್ತ ನಿಂತರು.

ಈ ಮಗ್ಗದ ದೊಡ್ಡ ಹೆಸರು ಲಾಳಿಯ ಬದಲಾವಣೆಯದು. ಅಮೆರಿಕದಲ್ಲಿ ಡ್ರೇಪರ್ ಕಂಪನಿಯವರು 1890ರ ದಶಕದಲ್ಲೇ ನಾರ್ತ್ರಪ್ ಎಂಬ ಸ್ವಯಂಚಾಲಿತ ಮಗ್ಗವನ್ನು ತಂದಿದ್ದರು. ಅದು ಲಾಳಿಯೊಳಗಿನ ಖಾಲಿ ಕಂಡಿಕೆಯನ್ನು (ನೂಲು ಸುತ್ತುವ ಕಡ್ಡಿಯನ್ನು) ಹೊರದೂಡಿ ತುಂಬಿದ ಕಂಡಿಕೆಯನ್ನು ಕೂರಿಸುತ್ತಿತ್ತು. ಟೊಯೊಡಾ ಮಗ್ಗ ಲಾಳಿಯನ್ನೇ ಇಡಿಯಾಗಿ ಬದಲಿಸುತ್ತದೆ, ಅದೂ ಓಟದ ವೇಗ ತಗ್ಗದಂತೆ. ಒಬ್ಬ ಕೆಲಸಗಾರ್ತಿ ಮೂವತ್ತರಿಂದ ಐವತ್ತು ಮಗ್ಗಗಳನ್ನು ನೋಡಿಕೊಳ್ಳಬಹುದಾಗಿತ್ತು ಎಂದು ಅಲ್ಲಿ ವಿವರಿಸುತ್ತಾರೆ.

ನಿವೃತ್ತ ಉಪನ್ಯಾಸಕಿ:

ನಗೋಯಾದವರೇ, ಕತ್ತರಿಸಿದ ಎಳೆಯ ಆ ಚಿತ್ರಕ್ಕಾಗಿ ಧನ್ಯವಾದಗಳು. ದೋಷ ಕಂಡ ಕೂಡಲೇ ಯಂತ್ರ ತಾನಾಗಿ ನಿಲ್ಲಬೇಕು ಎಂಬ ಆ ತತ್ವವನ್ನೇ ಟೊಯೊಡಾದವರು ಮುಂದೆ ಜಿದೋಕಾ ಎಂದು ಕರೆದು ಕಾರಿನ ಕಾರ್ಖಾನೆಗೂ ತಂದರು. ತಂದವರಲ್ಲಿ ಮುಖ್ಯರಾದ ತೈಯಿಚಿ ಒಹ್ನೊ 1932ರಲ್ಲಿ ಕೆಲಸಕ್ಕೆ ಸೇರಿದ್ದು ಟೊಯೊಡಾ ಬೊಶೊಕು ಗಿರಣಿಗೆ. ಅವರು ಮೋಟಾರು ಕಂಪನಿಗೆ ಬಂದದ್ದು 1943ರಲ್ಲಿ.

ಈಗ ಪೇಟೆಂಟ್ ಮಾರಾಟದ ವಿಚಾರ. ಜಿ ಮಾದರಿಯನ್ನು ತಯಾರಿಸಲು 1926ರಲ್ಲಿ ಕಾರಿಯಾ ಎಂಬಲ್ಲಿ ಟೊಯೊಡಾ ಸ್ವಯಂಚಾಲಿತ ಮಗ್ಗದ ಕಾರ್ಖಾನೆ ಸ್ಥಾಪನೆಯಾಯಿತು. ಅದೇ ಹೊತ್ತಿನಲ್ಲಿ ಜಪಾನಿನಲ್ಲಿ ಕಾನೂನು ಬಿಗಿಯಾಗುತ್ತಿತ್ತು: 1929ರ ಜುಲೈಯಿಂದ ಹೆಂಗಸರನ್ನೂ ಮಕ್ಕಳನ್ನೂ ನಡುರಾತ್ರಿಯ ಪಾಳಿಯಲ್ಲಿ ದುಡಿಸುವಂತಿರಲಿಲ್ಲ. ಕಡಿಮೆ ಗಂಟೆಗಳಲ್ಲಿ, ಕಡಿಮೆ ಜನರಿಂದ ಅಷ್ಟೇ ಬಟ್ಟೆ ತೆಗೆಯಬೇಕಾದ ಗಿರಣಿಗಳಿಗೆ ಸ್ವಯಂಚಾಲಿತ ಮಗ್ಗ ಬೇಕೇ ಬೇಕಾಯಿತು. 1929ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್ ಕಂಪನಿ, ಜಪಾನ್, ಚೀನಾ ಮತ್ತು ಅಮೆರಿಕ ಬಿಟ್ಟು ಉಳಿದ ದೇಶಗಳಲ್ಲಿ ಈ ಮಗ್ಗವನ್ನು ತಯಾರಿಸಿ ಮಾರುವ ಹಕ್ಕಿಗೆ 1 ಲಕ್ಷ ಪೌಂಡ್ ಕೊಡಲು ಒಪ್ಪಿತು. ಆಗಿನ ಲೆಕ್ಕದಲ್ಲಿ ಅದು ಸುಮಾರು 10 ಲಕ್ಷ ಯೆನ್. ಸಾಕಿಚಿಯ ಮಗ ಕಿಇಚಿರೊ 1922ರಲ್ಲಿ ಕಲಿಯಲೆಂದು ಕೆಲವು ದಿನ ಇದ್ದದ್ದು ಇದೇ ಪ್ಲಾಟ್ ಕಾರ್ಖಾನೆಯಲ್ಲಿ. ಏಳು ವರ್ಷದ ಬಳಿಕ ಅದೇ ಕಂಪನಿಗೆ ತಮ್ಮ ಮನೆಯ ಹಕ್ಕನ್ನು ಮಾರುವಾಗ ಅವರ ಮನಸ್ಸಿನಲ್ಲಿ ಏನಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹಾಗೆಂದು ಆ ಹಣದಿಂದಲೇ ಕಾರು ಹುಟ್ಟಿತೆನ್ನುವುದು ಸರಿಯಲ್ಲ. ಹಣ ಒಂದೇ ಸಲಕ್ಕೆ ಬರಲಿಲ್ಲ, ಕಂತುಗಳಲ್ಲಿ ಬಂದಿತು; ಲ್ಯಾಂಕಶೈರಿನ ಬಟ್ಟೆ ಉದ್ಯಮ ಕುಸಿಯುತ್ತಿದ್ದಂತೆ ಪ್ಲಾಟ್ ಮೊತ್ತವನ್ನು ಕಡಿಮೆ ಮಾಡಿಸಿಕೊಂಡಿತು; ಬಂದದ್ದರಲ್ಲಿ ಒಂದು ಭಾಗ ಕೆಲಸಗಾರರಿಗೆ ಹಂಚಿಹೋಯಿತು. ಸಾಕಿಚಿ 1930ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮಗ್ಗದ ಕಾರ್ಖಾನೆಯೊಳಗೆ ಮೋಟಾರು ವಿಭಾಗ ಆರಂಭವಾದದ್ದು 1933ರ ಸೆಪ್ಟೆಂಬರಿನಲ್ಲಿ. 1934ರ ಜನವರಿಯಲ್ಲಿ ಮಗ್ಗದ ಕಂಪನಿ ತನ್ನ ಉದ್ದೇಶಗಳ ಪಟ್ಟಿಗೆ ಮೋಟಾರು ತಯಾರಿಕೆಯನ್ನೂ ಉಕ್ಕಿನ ತಯಾರಿಕೆಯನ್ನೂ ಸೇರಿಸಿ, ಬಂಡವಾಳವನ್ನು 10 ಲಕ್ಷ ಯೆನ್‌ಗಳಿಂದ 30 ಲಕ್ಷಕ್ಕೆ ಏರಿಸಿತು. 1937ರಲ್ಲಿ ಮೋಟಾರು ಕಂಪನಿ ಬೇರೆಯಾದಾಗ ಅದರ ಬಂಡವಾಳ 1 ಕೋಟಿ 20 ಲಕ್ಷ ಯೆನ್. ಇವುಗಳ ಎದುರಿಗೆ ಪೇಟೆಂಟಿನ ಹಣವನ್ನು ಇಟ್ಟು ನೋಡಿದರೆ ಕಾರಿನ ಭಾರ ಹೊತ್ತದ್ದು ಯಾವುದೆಂದು ತಿಳಿಯುತ್ತದೆ. ಗಿರಣಿಯ ನೂಲು, ಕಾರಿಯಾದ ಮಗ್ಗ, ಇವೆರಡರ ಗಳಿಕೆ ಮತ್ತು ಅವುಗಳ ಮೇಲೆ ಪೇಟೆಯಲ್ಲಿದ್ದ ನಂಬಿಕೆ ಆ ಭಾರ ಹೊತ್ತವು.

ಬೆಳಗಾವಿಯ ಎರಕದವನು:

ನಾನು ಫೌಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವನು. ಹಣದ ಮಾತನ್ನು ಮೇಡಂ ಹೇಳಿದ್ದಾರೆ. ಕಬ್ಬಿಣದ ಮಾತನ್ನು ನಾನು ಸೇರಿಸುತ್ತೇನೆ.

ಮಗ್ಗದ ಚೌಕಟ್ಟು, ಗಿಯರು, ಕ್ಯಾಮು ಇವೆಲ್ಲ ಎರಕದ ಸಾಮಾನುಗಳು. ಸಾವಿರಾರು ಮಗ್ಗ ಮಾಡಿದ ಮನೆಗೆ ಮರಳಿನ ಅಚ್ಚು, ಕರಗಿದ ಲೋಹ, ಅಳತೆ ಇವುಗಳ ತಿಳಿವಳಿಕೆ ಚೆನ್ನಾಗಿಯೇ ಇರುತ್ತದೆ. ಆದರೆ ಎಂಜಿನ್ನಿನ ಸಿಲಿಂಡರ್ ಬ್ಲಾಕ್ ಬೇರೆಯೇ ಪರೀಕ್ಷೆ. ಅದರ ಗೋಡೆಗಳು ತೆಳು, ನಡುವೆ ನೀರು ಹರಿಯಲು ಸುತ್ತಿ ಬಳಸಿದ ಪೊಳ್ಳು ಜಾಗ ಬೇಕು, ಆ ಪೊಳ್ಳನ್ನು ಹಿಡಿದಿಡುವ ಮರಳಿನ ಕೋರು ಲೋಹ ಸುರಿಯುವಾಗ ಗಟ್ಟಿಯಾಗಿ ನಿಂತು, ಆಮೇಲೆ ಪುಡಿಯಾಗಿ ಹೊರಬರಬೇಕು. ಕೋರು ಒಂದಿಷ್ಟು ಅಲುಗಿದರೂ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ತೂತು. ಒಳಗೆ ಗಾಳಿ ಸಿಕ್ಕಿಕೊಂಡರೆ ಗುಳ್ಳೆ. ಕಾರಿಯಾದಲ್ಲಿ ಮೊದಲು ಎರೆದ ಬ್ಲಾಕುಗಳು ಹೀಗೆಯೇ ರಾಶಿ ರಾಶಿಯಾಗಿ ಗುಜರಿಗೆ ಹೋದವು. ಮರಳಿಗೆ ಎಣ್ಣೆ ಬೆರೆಸಿ ಮಾಡುವ ಕೋರಿನ ಪದ್ಧತಿ ಹಿಡಿತಕ್ಕೆ ಬಂದ ಮೇಲೆ ಕೆಲಸ ಕೈಗೂಡಿತು.

ನಾನು ಕೆಲಸ ಕಲಿತ ಕಾಲದಲ್ಲಿ ಒಂದು ವಾರದ ಎರಕವೆಲ್ಲ ಗುಳ್ಳೆ ಬಿದ್ದು ತಿರುಗಿ ಕುಲುಮೆಗೆ ಹೋದದ್ದನ್ನು ಕಂಡಿದ್ದೇನೆ. ನಾಲ್ಕನೆಯ ದಿನ ಮಾಲೀಕರು ಬಂದು ಆ ತುಂಡುಗಳನ್ನು ಎಣಿಸಿದರು. ಎರಡು ವಾರಕ್ಕೆ ಆ ಕೆಲಸವನ್ನೇ ಕೈಬಿಟ್ಟರು. ಅವರದು ತಪ್ಪೆಂದು ನಾನು ಹೇಳಲಾರೆ, ತಿಂಗಳ ಕೊನೆಗೆ ಸಂಬಳ ಕೊಡಬೇಕಿತ್ತು. ಟೊಯೊಡಾದವರು ವರ್ಷಗಟ್ಟಲೆ ಕೆಟ್ಟ ಎರಕವನ್ನು ತಡೆದುಕೊಂಡರು, ಏಕೆಂದರೆ ಪಕ್ಕದ ಅಂಗಳದಿಂದ ಮಗ್ಗಗಳು ಮಾರಾಟವಾಗಿ ಹೋಗುತ್ತಲೇ ಇದ್ದವು.

ದಾಖಲೆಪ್ರಿಯ:

ಹಿಂದೆ ಬರೆದವರೆಲ್ಲರ ಬಗ್ಗೆ ಗೌರವ ಇಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯವನ್ನು ಹೇಳಬೇಕಾಗಿದೆ. ಈ ಚರ್ಚೆ ಒಂದು ಮನೆತನದ ಛಲದ ಕಥೆಯಾಗುತ್ತಿದೆ, ಆದರೆ ಆ ಮನೆತನದ ಬೆನ್ನಿಗೆ ಒಂದು ಸಾಮ್ರಾಜ್ಯವೇ ಇತ್ತು.

ಫೋರ್ಡ್ 1925ರಿಂದ ಯೊಕೊಹಾಮಾದಲ್ಲಿಯೂ ಜನರಲ್ ಮೋಟಾರ್ಸ್ 1927ರಿಂದ ಒಸಾಕಾದಲ್ಲಿಯೂ ಗಾಡಿ ಜೋಡಿಸುತ್ತಿದ್ದವು. 1935ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಟೊಯೊಡಾದ ಜಿ1 ಲಾರಿ ದಾರಿಯಲ್ಲಿ ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಮುಕ್ತ ಪೈಪೋಟಿಯಲ್ಲಿ ಅದು ಉಳಿಯುತ್ತಿತ್ತೇ ಎಂಬುದು ಅನುಮಾನ. 1936ರ ಮೋಟಾರು ತಯಾರಿಕಾ ಕಾನೂನು ಪರವಾನಗಿಯನ್ನು ದೇಶದ ಕಂಪನಿಗಳಿಗೆ ಕಾದಿರಿಸಿತು, ಟೊಯೊಡಾಕ್ಕೂ ನಿಸಾನಿಗೂ ಅದು ಸಿಕ್ಕಿತು. 1939ರ ಹೊತ್ತಿಗೆ ಅಮೆರಿಕದ ಕಂಪನಿಗಳು ಹೊರಟುಹೋದವು. ಲಾರಿ ಬೇಕಾಗಿದ್ದದ್ದು ಚೀನಾದಲ್ಲಿ ಯುದ್ಧಕ್ಕೆ ಇಳಿದಿದ್ದ ಸೇನೆಗೆ. ಗಿರಣಿಯ ಲಾಭವೂ ಜಪಾನಿನೊಳಗಿನದಷ್ಟೇ ಅಲ್ಲ: 1921ರಲ್ಲಿ ಶಾಂಘಾಯಿಯಲ್ಲಿ ಟೊಯೊಡಾ ಗಿರಣಿ ಎದ್ದು, ಚೀನಾದ ಕಡಿಮೆ ಕೂಲಿಯಲ್ಲಿ ನಡೆಯಿತು, 1945ರಲ್ಲಿ ಸೋಲಿನೊಂದಿಗೆ ಕೈಬಿಟ್ಟುಹೋಯಿತು.

ನಮ್ಮ ದೇಶಕ್ಕೂ ಇದು ತಟ್ಟಿದೆ. ಅಗ್ಗದ ಜಪಾನಿ ಹತ್ತಿಬಟ್ಟೆಯನ್ನು ತಡೆಯಲು 1933ರಲ್ಲಿ ಭಾರತ ಸರ್ಕಾರ ಬ್ರಿಟಿಷೇತರ ಬಟ್ಟೆಯ ಮೇಲಿನ ಸುಂಕವನ್ನು ಶೇಕಡ 75ಕ್ಕೆ ಏರಿಸಿತು, ಜಪಾನಿನ ಗಿರಣಿಗಳು ಭಾರತದ ಹತ್ತಿಯನ್ನು ಕೊಳ್ಳುವುದಿಲ್ಲವೆಂದು ಕೂತವು, ಕೊನೆಗೆ 1934ರ ಒಪ್ಪಂದದಲ್ಲಿ ಸುಂಕ ಶೇಕಡ 50ಕ್ಕೆ ಇಳಿದು, ಅವರು ಎಷ್ಟು ಹತ್ತಿ ಕೊಂಡರೆ ಎಷ್ಟು ಬಟ್ಟೆ ತರಬಹುದು ಎಂದು ಗಂಟು ಹಾಕಲಾಯಿತು. ಇಲ್ಲಿನ ನೇಕಾರರು ಆ ಬಟ್ಟೆಯೊಂದಿಗೆ ಪೈಪೋಟಿ ಮಾಡಬೇಕಾಯಿತೆಂಬುದನ್ನು ಮರೆತು ಆ ಮಗ್ಗವನ್ನು ಹೊಗಳಲು ನನಗೆ ಸಾಧ್ಯವಿಲ್ಲ.

ನಿವೃತ್ತ ಉಪನ್ಯಾಸಕಿ:

ನೀವು ಹೇಳಿದ್ದು ಸತ್ಯ, ಅದನ್ನು ನಾನು ಮೊದಲೇ ಬರೆಯಬೇಕಿತ್ತು. 1936ರ ಕಾನೂನಿಲ್ಲದೆ ಆ ಕಾರ್ಖಾನೆ ಬದುಕುಳಿಯುತ್ತಿತ್ತೆಂದು ನಾನೂ ಹೇಳಲಾರೆ.

ಆದರೂ ಒಂದು ಮಾತಿದೆ. ಕಾನೂನು ಬರುವ ಮೂರು ವರ್ಷ ಮೊದಲೇ ಇವರು ಒಂದು ಷೆವರ್ಲೆ ಕಾರನ್ನು ಕೊಂಡು ತಂದು, ಬಿಚ್ಚಿ, ಒಂದೊಂದು ಭಾಗದ ಅಳತೆ ತೆಗೆದಿದ್ದರು. ಮನೆಯೊಳಗೂ ಎಲ್ಲರೂ ಒಪ್ಪಿರಲಿಲ್ಲ. ಸಾಕಿಚಿಯ ಮಗಳನ್ನು ಮದುವೆಯಾಗಿ ಮನೆತನದ ಹೆಸರನ್ನೇ ಪಡೆದ ಅಳಿಯ ರಿಸಾಬುರೊ ಮಗ್ಗದ ಕಂಪನಿಯ ಅಧ್ಯಕ್ಷರಾಗಿದ್ದರು. ಗಟ್ಟಿಯಾಗಿ ನಡೆಯುತ್ತಿರುವ ನೂಲು-ಮಗ್ಗದ ವ್ಯವಹಾರವನ್ನು ಮೋಟಾರಿಗೆ ಪಣ ಒಡ್ಡಲು ಅವರು ಹಿಂಜರಿದರು. ಮಗ ಯಂತ್ರದ ಕಡೆ, ಅಳಿಯ ಲೆಕ್ಕದ ಕಡೆ. ಈ ಎಳೆದಾಟವನ್ನು ನಮ್ಮ ಕೂಡುಕುಟುಂಬಗಳ ಅಂಗಡಿಗಳಲ್ಲಿ ಕಂಡವರಿಗೆ ಅದು ಎಷ್ಟು ನಿಜವೆಂದು ತಿಳಿಯುತ್ತದೆ.

ಯುದ್ಧದ ಬಳಿಕ ನಡೆದದ್ದು ಇನ್ನೂ ನೋವಿನ ಸಂಗತಿ. 1950ರಲ್ಲಿ ಮೋಟಾರು ಕಂಪನಿ ದಿವಾಳಿಯ ಅಂಚಿಗೆ ಬಂದು, ಸುಮಾರು 1,600 ಮಂದಿ ಕೆಲಸ ಬಿಡಬೇಕೆಂದು ಕೇಳಿತು. ದೀರ್ಘ ಮುಷ್ಕರದ ನಡುವೆ ಕಿಇಚಿರೊ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಆಗ ಕಂಪನಿಯನ್ನು ಹಿಡಿದು ನಿಲ್ಲಿಸಲು ಬಂದವರು ತೈಜೊ ಇಶಿದಾ, ಮಗ್ಗದ ಕಾರ್ಖಾನೆಯ ಮುಖ್ಯಸ್ಥರು. ಆ ರಾಜೀನಾಮೆಯಾದ ಕೆಲವೇ ವಾರಗಳಲ್ಲಿ ಕೊರಿಯಾ ಯುದ್ಧ ಆರಂಭವಾಗಿ ಅಮೆರಿಕದ ಸೇನೆಯಿಂದ ಲಾರಿಗಳ ಬೇಡಿಕೆ ಬಂದಿತು. ಕಿಇಚಿರೊ 1952ರ ಮಾರ್ಚಿನಲ್ಲಿ, 57ರ ವಯಸ್ಸಿನಲ್ಲಿ ತೀರಿಕೊಂಡರು. ಮೂರು ತಿಂಗಳು ಕಳೆಯುವಷ್ಟರಲ್ಲಿ ರಿಸಾಬುರೊ ಕೂಡ ಹೋದರು.

ಬಿಡದಿಯ ಉದ್ಯೋಗಿ:

ನಮ್ಮ ನಾಡಿನ ನಂಟನ್ನು ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಟೊಯೊಟಾ ಎಂದರೆ ನಮಗೆ ನೆನಪಾಗುವುದು 1999ರ ಕೊನೆಯಲ್ಲಿ ಬಿಡದಿಯಿಂದ ಹೊರಬಂದ ಕ್ವಾಲಿಸ್. ಆದರೆ ಕರ್ನಾಟಕಕ್ಕೆ ಆ ಮನೆತನ ಮೊದಲು ಬಂದದ್ದು ಕಾರಿಗಾಗಿ ಅಲ್ಲ, ನೂಲಿಗಾಗಿ. 1995ರಲ್ಲಿ ಬೆಂಗಳೂರಿನ ಹೊರವಲಯದ ಜಿಗಣಿಯಲ್ಲಿ ಕಿರ್ಲೋಸ್ಕರರ ಜೊತೆ ಸೇರಿ, ನೂಲುವ ಗಿರಣಿಗಳಿಗೆ ಬೇಕಾದ ರಿಂಗ್ ಫ್ರೇಮ್ ಯಂತ್ರಗಳನ್ನು ಮಾಡುವ ಕಂಪನಿಯನ್ನು ಆರಂಭಿಸಿದರು. ಆ ಪರಿಚಯ ಬೆಳೆದು ಬಿಡದಿಯ ಕಾರ್ಖಾನೆಗೆ ದಾರಿಯಾಯಿತು. ಕಿರ್ಲೋಸ್ಕರರ ಹಿರಿಯರಾದ ಲಕ್ಷ್ಮಣರಾವ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಬಂದವರು. ನೇಗಿಲಿನ ಮನೆಯೂ ಮಗ್ಗದ ಮನೆಯೂ ಜಿಗಣಿಯಲ್ಲಿ ಕೈಜೋಡಿಸಿದವು.

ಟೊಯೊಡಾ ಬೊಶೊಕು ಎಂಬ ಹಳೆಯ ಗಿರಣಿಯ ಹೆಸರು ಟೊಯೊಟಾ ಬೊಶೊಕು ಎಂದಾಗಿ ಇಂದಿಗೂ ಉಳಿದಿದೆ. ಆ ಕಂಪನಿ ಈಗ ಕಾರಿನ ಸೀಟುಗಳನ್ನೂ ಒಳಭಾಗದ ಹೊದಿಕೆಗಳನ್ನೂ ಮಾಡುತ್ತದೆ, ಅದರ ಘಟಕವೊಂದು ನಮ್ಮ ಬಿಡದಿಯಲ್ಲೇ ಇದೆ. ಮಗ್ಗದ ಕಾರ್ಖಾನೆ ಟೊಯೊಟಾ ಇಂಡಸ್ಟ್ರೀಸ್ ಎಂಬ ಹೆಸರಿನಲ್ಲಿ ಫೋರ್ಕ್‌ಲಿಫ್ಟ್‌ಗಳ ಜೊತೆಗೆ, ಗಾಳಿಯ ರಭಸದಿಂದ ಹೊಕ್ಕಿನ ಎಳೆಯನ್ನು ದಾಟಿಸುವ, ಲಾಳಿಯೇ ಇಲ್ಲದ ಮಗ್ಗಗಳನ್ನು ಮಾಡುತ್ತದೆ.

ದಾಖಲೆಪ್ರಿಯ:

ಇದನ್ನು ಇಂದಿಗೂ ಕುಟುಂಬದ ಉದ್ಯಮ ಎನ್ನಬಹುದೇ ಎಂಬುದಕ್ಕೂ ಒಂದು ಮಾತು. ಮೋಟಾರು ಕಂಪನಿಯಲ್ಲಿ ಕುಟುಂಬದ ನೇರ ಪಾಲು ಬಹಳ ಚಿಕ್ಕದು. ಆದರೂ ಕಿಇಚಿರೊ ಅವರ ಮೊಮ್ಮಗ ಅಕಿಯೊ 2009ರಿಂದ 2023ರ ತನಕ ಅಧ್ಯಕ್ಷರಾಗಿದ್ದರು. 2025ರ ಜೂನಿನಲ್ಲಿ, ಅವರೇ ಮುಖ್ಯಸ್ಥರಾಗಿರುವ ಟೊಯೊಟಾ ಫುಡೊಸಾನ್ ಎಂಬ ಭೂವ್ಯವಹಾರದ ಕಂಪನಿಯ ಮೂಲಕ ಹಳೆಯ ಮಗ್ಗದ ಕಂಪನಿಯನ್ನು ಷೇರುಪೇಟೆಯಿಂದ ಹಿಂದಕ್ಕೆ ಪಡೆಯುವ ಯೋಜನೆ ಪ್ರಕಟವಾಯಿತು. ಕೊಡುವ ಬೆಲೆ ಕಡಿಮೆಯಾಯಿತೆಂದು ಹೊರಗಿನ ಹೂಡಿಕೆದಾರರು ಆಕ್ಷೇಪ ಎತ್ತಿದರು. ಇಷ್ಟೆಲ್ಲದರ ಮಧ್ಯೆ ಆ ಮನೆತನ ಮತ್ತೆ ಹಿಡಿತಕ್ಕೆ ತಂದುಕೊಳ್ಳಲು ಹೊರಟದ್ದು ಮಗ್ಗದ ಕಂಪನಿಯನ್ನು ಎಂಬುದು ಗಮನಿಸಬೇಕಾದ ಸಂಗತಿ.

ದೊಡ್ಡಬಳ್ಳಾಪುರದ ನೇಕಾರ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಇಷ್ಟನ್ನೂ ಅಪ್ಪನಿಗೆ ಓದಿ ಹೇಳಿದೆ. ಜಪಾನಿ ಬಟ್ಟೆಯ ಸುಂಕದ ಮಾತಿಗೆ ಅವರು ತಲೆದೂಗಿದರು. ಎಳೆ ಕಡಿದಾಗ ಬೀಳುವ ಉಕ್ಕಿನ ಪಟ್ಟಿಯ ಭಾಗವನ್ನು ಮಾತ್ರ ಇನ್ನೊಮ್ಮೆ ಓದಿಸಿದರು. ನಮ್ಮ ಮಗ್ಗಗಳಲ್ಲಿ ಆ ಪಟ್ಟಿಗಳಿಲ್ಲ; ಹಾಸಿನ ಎಳೆ ಕಡಿದರೆ ಅದನ್ನು ಕಾಣುವುದು ನಮ್ಮ ಕಣ್ಣೇ, ತಡವಾಗಿ ಕಂಡರೆ ಸೀರೆಯ ಮೈಯಲ್ಲಿ ಗೆರೆ ಉಳಿದು ಸಾಹುಕಾರರು ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ.

ಬೆಳಗಾವಿಯ ಅಣ್ಣನವರಲ್ಲಿ ಒಂದು ಕೇಳಿಕೆ ಇದೆ. ಆ ಪಟ್ಟಿ ಮತ್ತು ಅದರ ಕೆಳಗಿನ ಸರಳಿನ ಏರ್ಪಾಟನ್ನು ಒಂದು ಮಗ್ಗಕ್ಕಾದರೂ ಇಲ್ಲೇ ಮಾಡಿಸಲು ಸಾಧ್ಯವೇ ಎಂದು ಅಪ್ಪ ಕೇಳುತ್ತಿದ್ದಾರೆ. ಹಾಸಿನ ಎಳೆಗಳ ಲೆಕ್ಕವನ್ನೂ ಮಗ್ಗದ ಹಿಂಭಾಗದ ಅಳತೆಯನ್ನೂ ಭಾನುವಾರ ಮಗ್ಗ ನಿಲ್ಲಿಸಿದಾಗ ತೆಗೆದು ಇಲ್ಲಿ ಬರೆಯುತ್ತೇನೆ.